ಬಟ್ಟಿಯಕ್ಕನ ನೀಲಿ

ಬಟ್ಟಿಯಕ್ಕ ಎಂದೊಡನೆ ಹೊಸಬರು ಮೂಗಿಗೆ ಕೈ ಒಯ್ಯುತ್ತಾರೆ. ತಪ್ಪೇನಿಲ್ಲ, ಲೋಕಕ್ಕೆ ಗೊತ್ತಿರುವುದು ಒಂದೇ ಬಟ್ಟಿ, ಸಾರಾಯಿಯದು. ಮಗಳ ಸಂಬಂಧದ ಮಾತುಕತೆಗೆ ಬಂದ ಬೀಗರು "ನಿಮ್ಮದೇನಮ್ಮ ಕೆಲಸ?" ಎಂದು ಕೇಳಿದಾಗ ಇವಳು ಹಿಂದೆಮುಂದೆ ನೋಡದೆ, "ಬಟ್ಟಿ ಇಳಿಸ್ತೀನಿ. ಇಪ್ಪತ್ತೈದು ವರ್ಷ ಆಯ್ತು" ಎಂದುಬಿಟ್ಟಿದ್ದಳು. ಬೀಗರ ಮುಖ ಹುಳ್ಳಗಾಯಿತು. ಪಕ್ಕದಲ್ಲಿದ್ದ ಗಂಡ, ಪಾಪ, ಟೈಲರ್ ಮನುಷ್ಯ, ಹರಿದದ್ದನ್ನು ಹೊಲಿಯಲು ಹೊರಟ: "ಕುಡಿಯೋದಲ್ಲ ಬೀಗ್ರೇ, ಕಾಲೇಜಿಂದು. ಅದನ್ನ ಕುಡಿದ್ರೆ ಮನುಷ್ಯ ಉಳಿಯಲ್ಲ!" ಹೊಲಿಗೆ ಇನ್ನೊಂದು ಗೇಣು ಬಿಚ್ಚಿಕೊಂಡಿತು. ಕೊನೆಗೆ ಅಳಿಯನಾಗುವವನೇ ನಕ್ಕು ಮಾತು ಉಳಿಸಿದ.

ಅವಳ ಕೆಲಸ ಹೀಗೆ. ಕಾಲೇಜಿನ ಮೂರನೆಯ ಮಹಡಿಯ ಮೂಲೆಯಲ್ಲಿ ಒಂದು ಸಣ್ಣ ಕೋಣೆ. ಕೋಣೆಗೆ ಕಬ್ಬಿಣದ ಬಾಗಿಲು, ಬಾಗಿಲಿಗೆ ಒಂದೇ ಕೀಲಿಕೈ, ಆ ಕೀಲಿಕೈ ಅಕ್ಕನ ಕೊರಳ ದಾರದಲ್ಲಿ. ಒಳಗೆ ಮಗುವಿನ ತಲೆಯಷ್ಟು ದೊಡ್ಡ ಗಾಜಿನ ದುಂಡು ಫ್ಲಾಸ್ಕು. ಸಂಶೋಧನೆಯ ಹುಡುಗ ಹುಡುಗಿಯರು ತಮ್ಮ ವಸ್ತುಗಳನ್ನು ಕರಗಿಸಿಕೊಳ್ಳುವ ದ್ರಾವಕವನ್ನು ಅದರಲ್ಲಿ ಸುರಿಯುತ್ತಾಳೆ. ಎಣ್ಣೆಯಲ್ಲಿ ಮುಳುಗಿಸಿಟ್ಟ ಸೋಡಿಯಂ ಲೋಹವನ್ನು ಚಾಕುವಿನಿಂದ ಮೇಣದಂತೆ ಕತ್ತರಿಸಿ ಹಾಕುತ್ತಾಳೆ, ಒಂದು ಚಿಟಿಕೆ ಬಿಳಿ ಪುಡಿ ಸೇರಿಸುತ್ತಾಳೆ, ಗಾಳಿ ಸೋಕದಂತೆ ಮುಚ್ಚಿ ಕುದಿಸುತ್ತಾಳೆ. ಸೋಡಿಯಂಗೂ ನೀರಿಗೂ ಹಾವು ಮುಂಗುಸಿ ಹಗೆ. ದ್ರಾವಕದ ಮೂಲೆಮೂಲೆಯಲ್ಲಿ ಅವಿತಿರುವ ನೀರನ್ನು ಅದು ಹುಡುಕಿ ಮುಗಿಸುತ್ತದೆ. ಮುಗಿಯಿತೋ ಇಲ್ಲವೋ ಎಂದು ಹೇಳುವುದು ಆ ಪುಡಿ. ನೀರಿರುವವರೆಗೆ ಹಳದಿ, ಮುಗಿಯುತ್ತ ಬಂದಾಗ ಹಸಿರು, ಪೂರಾ ಮುಗಿದಾಗ ಕಡುನೀಲಿ. ನೀಲಿ ಬಂದ ಮೇಲೆಯೇ ಆವಿಯನ್ನು ತಣಿಸಿ ಬಾಟಲಿಗೆ ಇಳಿಸಬೇಕು. ಹಸಿರಿನಲ್ಲಿ ಇಳಿಸಿದರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ.

ದ್ರಾವಕದಲ್ಲಿ ನೀರೆಷ್ಟಿದೆ ಎಂದು ಅಳೆಯುವ ಯಂತ್ರವೊಂದೂ ಕಾಲೇಜಿನಲ್ಲಿತ್ತು. ಕೆಟ್ಟು ಐದು ವರ್ಷವಾಗಿ, ಈಗ ಅದರ ಮೇಲೆ ಹೂದಾನಿ ಇಟ್ಟಿದ್ದರು. ರಿಪೇರಿಯ ಮಾತು ಬಂದಾಗಲೆಲ್ಲ ವಿಭಾಗದ ಹಿರಿಯರಾದ ದೊಡ್ಡ ಮೇಷ್ಟ್ರು, "ಅಕ್ಕನ ಕಣ್ಣಿರುವಾಗ ಯಂತ್ರ ಯಾಕ್ರೀ?" ಎನ್ನುತ್ತಿದ್ದರು. ಅಕ್ಕನಿಗೆ ಈ ಮಾತು ಕೇಳಿದಷ್ಟೂ ಸಾಲದು. ಮನೆಗೆ ಬಂದು ಗಂಡನಿಗೆ ಇನ್ನೊಮ್ಮೆ ಹೇಳುತ್ತಿದ್ದಳು. "ನಿನ್ನ ಕಣ್ಣನ್ನ ಒಂದಿನ ಗಾಜಿನ ಪೆಟ್ಟಿಗೇಲಿಟ್ಟು ಹೂವು ಇಡ್ತಾರೆ ಬಿಡು" ಎಂದು ಅವನು ಮೆಷಿನ್ ತುಳಿಯುತ್ತಲೇ ಅನ್ನುತ್ತಿದ್ದ.

ಹಿಂದೊಮ್ಮೆ ಯಾರೋ ಅವಸರದ ವಿದ್ಯಾರ್ಥಿ ಒದ್ದೆ ಕೈಯಲ್ಲಿ ಸೋಡಿಯಂ ಮುಟ್ಟಿ ಆ ಕೋಣೆಗೆ ಬೆಂಕಿ ಬಿದ್ದಿತ್ತು. ಅಂದಿನಿಂದ ಅಕ್ಕನ ಹೊರತು ಯಾರೂ ಒಳಗೆ ಕಾಲಿಡುವಂತಿಲ್ಲ ಎಂಬ ನಿಯಮ. ಬೇಕಾದವರು ಬಾಗಿಲ ಹೊರಗೆ ಖಾಲಿ ಬಾಟಲಿ ಇಟ್ಟು ಹೋಗಬೇಕು, ಸಂಜೆ ಬಂದು ತುಂಬಿದ ಬಾಟಲಿ ಒಯ್ಯಬೇಕು. ಬಾಟಲಿಯ ಮೇಲೆ ಅಕ್ಕನ ಅಕ್ಷರದಲ್ಲಿ ತಾರೀಖು ಇದ್ದರೆ ಮುಗಿಯಿತು. ಅದರ ಮುಂದೆ ಯಾರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಇಂಥ ಕಡೆಗೆ ಬಂದಳು ಗುಬ್ಬಿ. ಸಣ್ಣ ಆಳು, ಒಂದು ಕಡೆ ನಿಲ್ಲದವಳು, ನಿಮಿಷಕ್ಕೆ ನೂರು ಮಾತು, ಅದಕ್ಕೇ ಆ ಹೆಸರು. ಸಂಶೋಧನೆಗೆಂದು ದೊಡ್ಡ ಮೇಷ್ಟ್ರ ಕೈಕೆಳಗೆ ಸೇರಿದ್ದಳು. ಬಂದ ಮೊದಲ ವಾರವೇ ಬಾಟಲಿ ಇಡಲು ಬಂದವಳು ಹೊಸ್ತಿಲ ಹೊರಗೆ ನೆಲದ ಮೇಲೆ ಕೂತುಬಿಟ್ಟಳು.

"ಅಕ್ಕಾ, ನಾನು ಏನು ಮಾಡ್ತೀನಿ ಅಂತ ನೀವು ಕೇಳೋದೇ ಇಲ್ವಲ್ಲ?"

"ಕೇಳಿ ನಾನೇನು ಪರೀಕ್ಷೆ ಬರೀಬೇಕಾ? ಸರಿ, ಹೇಳು."

"ಲೋಹ ಹಿಡ್ಕೊಳ್ಳೋಕೆ ಕೈ ಮಾಡ್ತೀನಿ. ಲಿಗ್ಯಾಂಡ್ ಅಂತೀವಿ. ನಂದಕ್ಕೆ ಎರಡು ಕೈ. ಒಂದು ರಂಜಕದ್ದು, ಒಂದು ಸಾರಜನಕದ್ದು. ತಾಮ್ರ ಸಿಕ್ಕಿದ್ರೆ ರಂಜಕದ ಕೈ ಬಿಗಿಯಾಗಿ ಹಿಡಿಯುತ್ತೆ, ಬಿಡೋದೇ ಇಲ್ಲ. ಸಾರಜನಕದ ಕೈ ಸ್ವಲ್ಪ ಸಡಿಲ. ಹಿಡಿಯುತ್ತೆ, ಬೇರೆ ಯಾರಾದ್ರೂ ಬಂದ್ರೆ ಬಿಟ್ಟು ಜಾಗ ಕೊಡುತ್ತೆ, ಅವರು ಹೋದ್ಮೇಲೆ ಮತ್ತೆ ಹಿಡಿಯುತ್ತೆ."

ಅಕ್ಕ ಯೋಚಿಸಿದಳು. "ಮಗೂಗೆ ನಡೆಯೋದು ಕಲಿಸೋ ಹಾಗೆ. ಒಂದು ಕೈ ಗಟ್ಟಿ, ಒಂದು ಕೈ ಬಿಟ್ಟೂ ಬಿಡದ ಹಾಗೆ."

"ಅಯ್ಯೋ ಅಕ್ಕಾ! ಮೇಷ್ಟ್ರು ಒಂದು ಗಂಟೆ ಪಾಠ ಮಾಡಿದ್ದನ್ನ ನೀವು ಒಂದು ಮಾತಲ್ಲಿ ಮುಗಿಸಿಬಿಟ್ರಿ."

"ಮತ್ತೆ ಕಷ್ಟ ಏನು?"

"ಎರಡು ಕೈ ಸೇರೋ ಹೆಗಲಿದೆಯಲ್ಲ, ಅಲ್ಲೂ ರಂಜಕ ಇನ್ನೊಂದು ಸಾರಜನಕಕ್ಕೆ ಅಂಟಿಕೊಂಡಿದೆ. ಆ ಕೀಲು ಬಹಳ ಮೆತ್ತಗೆ. ಚೂರು ನೀರು ಸೋಕಿದ್ರೂ ಕಳಚಿಕೊಳ್ಳುತ್ತೆ. ಆಮೇಲೆ ಕೈಯೂ ಇಲ್ಲ, ತಾಮ್ರವೂ ಇಲ್ಲ, ಬಿಳೀ ಮಡ್ಡಿ."

"ನೀರಿನ ಚಿಂತೆ ನಂಗೆ ಬಿಡು" ಎಂದಳು ಅಕ್ಕ.

ಆ ಮಾತು ಅವಳ ಬಾಯಿಂದಲೇ ಬಂದದ್ದು. ಮುಂದೆ ಅದನ್ನು ಅವಳು ಎಷ್ಟು ಸಲ ನೆನೆದಳೋ.

ಮೂರನೆಯ ವರ್ಷದಲ್ಲಿ ಗುಬ್ಬಿಯ ಕೈ ತಾಮ್ರವನ್ನು ಹಿಡಿಯಿತು. ಆ ವಾರವಷ್ಟೇ ಅಕ್ಕ ಫ್ಲಾಸ್ಕು ತೊಳೆದು ಹೊಸ ಸೋಡಿಯಂ ಹಾಕಿದ್ದಳು. ಗುಬ್ಬಿ ಓಡಿ ಬಂದು ಅಕ್ಕನ ತೋಳು ಹಿಡಿದು ಎಳೆದುಕೊಂಡು ಹೋದಳು. ಕತ್ತಲು ಮಾಡಿದ ಕೋಣೆಯಲ್ಲಿ ಗಾಜಿನ ನಳಿಗೆಯೊಂದಕ್ಕೆ ನೇರಳಾತೀತ ದೀಪ ಹಿಡಿದಳು. ಸಕ್ಕರೆ ಹರಳಿನಷ್ಟು ಚಿಕ್ಕ ಹರಳುಗಳು ಮಿಂಚುಹುಳದ ಹಾಗೆ ಹಳದಿಯಾಗಿ ಉರಿದವು. ಅಕ್ಕ ಬಾಯಿ ಬಿಟ್ಟುಕೊಂಡು ನೋಡಿದಳು. ಇಪ್ಪತ್ತಾರು ವರ್ಷ ಅವಳು ಬಾಟಲಿ ಕೊಟ್ಟಿದ್ದಳೇ ಹೊರತು, ಅದರಿಂದ ಏನಾಯಿತು ಎಂದು ಯಾರೂ ಕರೆದು ತೋರಿಸಿರಲಿಲ್ಲ.

ಗುಬ್ಬಿಯ ಲೇಖನ ವಿಜ್ಞಾನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಎಲ್ಲರೂ ಮೆಚ್ಚಿದರು. ಆಮೇಲೆ ಎಲ್ಲಿಂದಲೋ ಒಂದು ಕಾಗದ ಬಂತು: ನೀವು ಬರೆದಂತೆ ನಾವು ಮಾಡಿದೆವು, ಹರಳು ಬರಲಿಲ್ಲ, ನೀವು ಇನ್ನೊಮ್ಮೆ ಮಾಡಿ ನೋಡಿ.

"ಅವರಲ್ಲಿ ಎಲ್ಲೋ ನೀರು ಸೋಕಿರುತ್ತೆ. ಅದಕ್ಕೇನು, ಮಾಡೋಣ" ಎಂದಳು ಗುಬ್ಬಿ. ಮಾಡಿದಳು. ಬಿಳಿ ಮಡ್ಡಿ. ಇನ್ನೊಮ್ಮೆ. ಮಡ್ಡಿ. ಗಾಜುಗಳನ್ನು ಒಲೆಯಲ್ಲಿ ಒಣಗಿಸಿದಳು, ರಬ್ಬರ್ ಕೊಳವೆ ಬದಲಿಸಿದಳು, ಅನಿಲದ ಸಿಲಿಂಡರ್ ಬದಲಿಸಿದಳು, ತಾಮ್ರದ ಉಪ್ಪನ್ನೇ ಹೊಸದು ತರಿಸಿದಳು. ತಿಂಗಳ ಮೇಲೆ ತಿಂಗಳು ಮಡ್ಡಿ. ನೂರು ಮಾತಿನವಳು ಹತ್ತಕ್ಕಿಳಿದಳು.

ಉಳಿದವರ ಕೆಲಸವೆಲ್ಲ ಚೆನ್ನಾಗಿಯೇ ನಡೆದಿತ್ತು. ಅವರ ವಸ್ತುಗಳು ಗಟ್ಟಿಪಿಂಡಗಳು, ಚೂರು ನೀರಿಗೆ ಜಗ್ಗುವಂಥವಲ್ಲ. ಹಾಗಾಗಿ ಎಲ್ಲರ ಬೆರಳೂ ಒಂದೇ ಕಡೆ ತಿರುಗಿತು. ಪಕ್ಕದ ಮೇಜಿನ ಉದ್ದನೆಯ ಸಂಶೋಧಕನೊಬ್ಬನಿದ್ದ, ಒಂಟೆ ಅಂತ ಕರೆಯುತ್ತಿದ್ದರು. ಅವನು ನಗುತ್ತಲೇ ಕೇಳಿದ, "ಗುಬ್ಬೀ, ಮೊದಲನೇ ಸಲ ಹರಳು ಬಂದಿತ್ತೋ, ಇಲ್ಲ ಅಂಗಡಿಯಿಂದ ತಂದಿದ್ಯೋ?" ನಗೆಯಲ್ಲಿ ಕೇಳಿದ ಮಾತು ಹೊಗೆಯಂತೆ ಮಹಡಿಯೆಲ್ಲ ಹರಡಿತು.

ಅಕ್ಕ ಹುಡುಗಿಯನ್ನು ಸಮಾಧಾನ ಮಾಡಬೇಕೆಂದು, "ಯೋಚನೆ ಮಾಡ್ಬೇಡ ಕಣೇ. ಕೈಗುಣ ಅಂತ ಒಂದಿರುತ್ತೆ. ಅದು ಇನ್ನೂ ನಿಂಗೆ ಕೂಡಿಬಂದಿಲ್ಲ, ಅಷ್ಟೇ" ಎಂದಳು. ಅಕ್ಕರೆಯಿಂದ ಅಂದದ್ದು. ಆದರೆ ಒಂಟೆಯ ಕಿವಿಗೂ ಬಿತ್ತು. ಗುಬ್ಬಿಗೆ ಕೈಗುಣವಿಲ್ಲವಂತೆ, ಬಟ್ಟಿಯಕ್ಕನೇ ಹೇಳಿದಳಂತೆ ಎಂದು ಮರುದಿನ ಮಾತಾಯಿತು.

ಅದೇ ವಾರ ಗುಬ್ಬಿ ಬಾಗಿಲ ಬಳಿ ಬಂದು ನಿಂತಳು. ಈ ಸಲ ಕೂರಲಿಲ್ಲ.

"ಅಕ್ಕಾ, ತಪ್ಪು ತಿಳ್ಕೋಬೇಡಿ. ಎಲ್ಲಾ ಬದಲಾಯಿಸಿ ನೋಡ್ದೆ. ಉಳಿದಿರೋದು ದ್ರಾವಕ ಒಂದೇ. ಅದು… ಸರಿಯಾಗಿದೆ ಅಲ್ವಾ?"

ಅಕ್ಕನ ಮುಖ ಬಿಗಿಯಿತು. "ನೀನು ಹುಟ್ಟೋಕೆ ಮುಂಚಿಂದ ಈ ನೀಲಿ ನೋಡ್ತಾ ಇದ್ದೀನಿ."

"ಒಂದ್ಸಲ ಒಳಗೆ ಬಂದು ನೋಡ್ಲಾ?"

"ಯಾರೂ ಒಳಗೆ ಬರೋ ಹಾಗಿಲ್ಲ. ನಿಯಮ ನಂದಲ್ಲ."

ನಿಯಮ ಅವಳದಲ್ಲ, ನಿಜ. ಆದರೆ ಕೀಲಿಕೈ ಅವಳದು. ಬಾಗಿಲನ್ನು ಒಂದು ಗೇಣು ತೆರೆದು, ಅಲ್ಲಿಂದಲೇ ನೋಡಿಕೋ ಅನ್ನಬಹುದಿತ್ತು. ಅನ್ನಲಿಲ್ಲ. ಗುಬ್ಬಿ ತಲೆ ತಗ್ಗಿಸಿ ಹೋದಳು, ಆಮೇಲೆ ಆ ಪ್ರಶ್ನೆ ಕೇಳಲೇ ಇಲ್ಲ.

ಇತ್ತ ಮನೆಯಲ್ಲಿ ಇನ್ನೊಂದು ನಡೆದಿತ್ತು. ಟೈಲರ್ ಗಂಡ ನೂಲಿನ ಉಂಡೆ ಕೇಳಿದಾಗಲೆಲ್ಲ ಎತ್ತಿಕೊಡುವುದು ಅಕ್ಕನ ಕೆಲಸ. ಒಂದು ದಿನ ಅವನು ಪ್ಯಾಂಟು ಎತ್ತಿ ತೋರಿಸಿದ.

"ಏನೇ ಇದು? ನೀಲಿ ಪ್ಯಾಂಟಿಗೆ ಕರೀ ನೂಲು ಕೊಟ್ಟಿದ್ದೀಯಲ್ಲ. ನಾನೂ ನೋಡದೆ ಹೊಲಿದುಬಿಟ್ಟೆ."

"ಈ ನಿಮ್ಮ ಬಲ್ಬಿನ ಬೆಳಕಲ್ಲಿ ಹಾವೂ ಹಗ್ಗವೂ ಒಂದೇ ರೀ. ಮೊದ್ಲು ಅದನ್ನ ಬದಲಾಯಿಸಿ."

ಅವನು ಬಲ್ಬು ಬದಲಾಯಿಸಿದ. ಮತ್ತೆ ಎರಡು ಸಲ ಹಾಗೇ ಆಯಿತು. "ವಯಸ್ಸಾಯ್ತು ಕಣೇ ನಿಂಗೆ" ಎಂದು ಅವನು ತಾನೇ ನೂಲು ಆರಿಸಿಕೊಳ್ಳತೊಡಗಿದ. ಇಬ್ಬರೂ ಅದನ್ನು ಅಲ್ಲಿಗೇ ಬಿಟ್ಟರು. ಮನೆಯ ನೂಲಿಗೂ ಮೂರನೆಯ ಮಹಡಿಯ ಫ್ಲಾಸ್ಕಿಗೂ ಗಂಟು ಹಾಕಿ ನೋಡುವುದು ಯಾರಿಗೆ ಹೊಳೆಯಬೇಕು? ನೂಲೆಂದರೆ ನೂಲು. ಫ್ಲಾಸ್ಕಿನ ನೀಲಿ ಎಂದರೆ ಅವಳಿಗೆ ಹೆತ್ತ ಮಗಳ ಮುಖ.

ಆ ಕಾಗದ ಬಂದು ಹದಿನಾಲ್ಕು ತಿಂಗಳಾಯಿತು. ಕಾಲೇಜಿನವರು ಒಂದು ಸಮಿತಿ ಮಾಡಿ, ಗುಬ್ಬಿ ತಮ್ಮ ಕಣ್ಣೆದುರು ಮೂರು ಸಲ ಪ್ರಯೋಗ ಮಾಡಿ ತೋರಿಸಲಿ, ಒಂದು ಸಲ ಹರಳು ಬಂದರೂ ಸಾಕು ಎಂದರು. ಆ ಮೂರು ಬಾಟಲಿಯನ್ನು ಅಕ್ಕ ಎಂದಿಗಿಂತ ಮೂರು ಪಟ್ಟು ಹೊತ್ತು ಕುದಿಸಿ ಇಳಿಸಿದಳು. ಬಣ್ಣ ಕಡುವಾಗಿಯೇ ಇತ್ತು, ಹೊಸ ಸೋಡಿಯಂ ಬೇಡವೆನಿಸಿತು. "ಈ ಸಲ ಬರುತ್ತೆ ನೋಡು" ಎಂದು ತಾನೇ ಒಯ್ದು ಕೈಗೆ ಕೊಟ್ಟಳು.

ಮೂರು ಸಲವೂ ಮಡ್ಡಿ.

ಸಮಿತಿ ಯಾರನ್ನೂ ಕಳ್ಳಿ ಎನ್ನಲಿಲ್ಲ. ಪುನರಾವರ್ತಿಸಲಾಗದ ಫಲಿತಾಂಶ, ಲೇಖನ ಹಿಂತೆಗೆದುಕೊಳ್ಳತಕ್ಕದ್ದು ಎಂದು ಎರಡು ಸಾಲು ಬರೆಯಿತು. ಅರ್ಥ ಎಲ್ಲರಿಗೂ ಆಯಿತು. ಗುಬ್ಬಿ ಮೇಜು ಖಾಲಿ ಮಾಡಿದಳು. ಹೋಗುವಾಗ ಖಾಲಿ ಬಾಟಲಿಗಳನ್ನೆಲ್ಲ ತೊಳೆದು, ಒಣಗಿಸಿ, ಅಕ್ಕನ ಬಾಗಿಲ ಹೊರಗೆ ಸಾಲಾಗಿ ಇಟ್ಟುಹೋದಳು. ಅಕ್ಕ ಆ ಹೊತ್ತಿಗೆ ಒಳಗೇ ಇದ್ದಳು. ಹೊರಗೆ ಬರದೆ ಹೆಜ್ಜೆ ಸಪ್ಪಳ ದೂರವಾಗುವವರೆಗೆ ಕಾದಳು.

ಅದಾಗಿ ಮೂರು ವಾರಕ್ಕೆ ಅಕ್ಕ ಮೆಟ್ಟಿಲು ತಪ್ಪಿ ಬಿದ್ದಳು. ಮಗಳು ಬಂದವಳು ಅಪ್ಪನ ಮಾತಿಗೂ ಕಾಯದೆ ಕಣ್ಣಿನ ಆಸ್ಪತ್ರೆಗೆ ಎಳೆದೊಯ್ದಳು. ಎರಡೂ ಕಣ್ಣಿಗೆ ಪೊರೆ. ಮೊದಲು ಬಲಗಣ್ಣು, ಆರು ವಾರ ಬಿಟ್ಟು ಎಡಗಣ್ಣು ಎಂದರು ಡಾಕ್ಟರು. ಬಲಗಣ್ಣಿನ ಆಪರೇಷನ್ ಆಯಿತು. ಹತ್ತು ದಿನ ಮನೆಯಲ್ಲಿ ಕೂತು, ಕಪ್ಪು ಕನ್ನಡಕದ ಒಳಗಿಂದ ಗಂಡನ ಗೊಣಗಾಟ ಕೇಳಿ, ಹನ್ನೊಂದನೆಯ ದಿನ ಬೆಳಗ್ಗೆ ಅವಳು ಕಬ್ಬಿಣದ ಬಾಗಿಲು ತೆರೆದಳು.

ಕಿಟಕಿಯ ಬೆಳಕು ನೇರ ಫ್ಲಾಸ್ಕಿನ ಮೇಲೆ ಬಿದ್ದಿತ್ತು. ಒಳಗಿನ ದ್ರಾವಕ ಹಸಿರು. ಕೆರೆಯ ಪಾಚಿಯಂಥ ಕಡುಹಸಿರು.

ಇಲ್ಲಿ ನೋಡಿ ಮನುಷ್ಯರ ಕೈ ಮಾಡುವ ಕೆಲಸ. ತಲೆ ಯೋಚಿಸುವ ಮೊದಲೇ ಇಪ್ಪತ್ತೆಂಟು ವರ್ಷದ ಕೈ ಎದ್ದಿತು. ಹಸಿರು ಕಂಡರೆ ಸೋಡಿಯಂ ಹಾಕಬೇಕು. ಕತ್ತರಿಸಿತು, ಹಾಕಿತು, ಕುದಿಸಿತು. ಎರಡು ಗಂಟೆಯಲ್ಲಿ ನೀಲಿ ಬಂತು. ಎಂಥ ನೀಲಿ! ಅಕ್ಕ ಅದನ್ನು ಮರೆತೇಬಿಟ್ಟಿದ್ದಳು. ಹೊಸದಾಗಿ ಕೆಲಸಕ್ಕೆ ಸೇರಿದ ವರ್ಷ ಕಂಡಿದ್ದ ನೀಲಿ ಅದು. ಖುಷಿಗೆ ಕಣ್ಣು ತುಂಬಿ ಬಂತು. ಆಪರೇಷನ್ ಆದ ಕಣ್ಣಲ್ಲವೇ, ನೀರು ಬಂದರೆ ಉರಿಯುತ್ತದೆ ಎಂದು ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡಳು.

ಎಡಗಣ್ಣಿಗೆ ಫ್ಲಾಸ್ಕು ಕಪ್ಪಗಿತ್ತು. ದಿನಾ ಕಾಣುತ್ತಿದ್ದ, ಅವಳು ನೀಲಿಯೆಂದು ನಂಬಿದ್ದ ಅದೇ ಕಪ್ಪು.

ಕೈ ತೆಗೆದಳು. ನೀಲಿ. ಮುಚ್ಚಿದಳು. ಕಪ್ಪು. ಇನ್ನೊಂದು ಚಿಕ್ಕ ಫ್ಲಾಸ್ಕು ಮೂಲೆಯಲ್ಲಿತ್ತು, ಅದು ಇನ್ನೂ ಹಸಿರಾಗಿತ್ತು. ಅದನ್ನು ಎಡಗಣ್ಣಿನಿಂದ ನೋಡಿದಳು. ಅದೇ ಕಪ್ಪು. ಹಸಿರಿಗೂ ಅದೇ, ನೀಲಿಗೂ ಅದೇ. ಎಷ್ಟು ತಿಂಗಳಿಂದ ಹೀಗಿತ್ತು? ಗುಬ್ಬಿಯ ಹದಿನಾಲ್ಕು ತಿಂಗಳೂ ಅವಳ ಕಣ್ಣ ಮುಂದೆ ಬಾಟಲಿಗಳಂತೆ ಸಾಲಾಗಿ ನಿಂತವು. ಸಮಿತಿಯ ಮೂರು ಬಾಟಲಿಯೂ ಅದರಲ್ಲಿದ್ದವು.

ದೊಡ್ಡ ಮೇಷ್ಟ್ರ ಕೋಣೆಗೆ ಹೋದವಳು ಬಾಗಿಲಲ್ಲೇ ನಿಂತು ಹೇಳಿದಳು.

"ಮೇಷ್ಟ್ರೇ, ತಪ್ಪು ಆ ಹುಡುಗೀದಲ್ಲ. ನಂದು. ನಂಗೆ ನೀಲಿ ಕಾಣ್ತಿರಲಿಲ್ಲ. ನೀರಿರೋ ದ್ರಾವಕ ಕೊಟ್ಟೆ."

ಮೇಷ್ಟ್ರು ಕುರ್ಚಿ ಎಳೆದು ಕೂರಿಸಿದರು, ನೀರು ಕೊಟ್ಟರು. ಎಲ್ಲ ಕೇಳಿದರು. ಮೆತ್ತಗೆ ಕೇಳಿದರು, "ಹಸಿರು ಇವತ್ತು ಬೆಳಗ್ಗೆ ನೋಡಿದ್ದಲ್ವಾ ಅಕ್ಕ?"

"ಹೌದು."

"ಹತ್ತು ದಿನ ಬಿಟ್ಟಿದ್ರೆ ಯಾವ ಫ್ಲಾಸ್ಕಾದ್ರೂ ಹಸಿರಾಗುತ್ತೆ. ಈಗ ಹೋಗಿ ನೋಡೋಣ ಬನ್ನಿ."

"ಈಗ… ಈಗ ನೀಲಿಯಾಗಿದೆ. ಸೋಡಿಯಂ ಹಾಕಿಬಿಟ್ಟೆ."

ಎದ್ದಿದ್ದ ಮೇಷ್ಟ್ರು ಮತ್ತೆ ಕೂತರು.

"ಹಳೇ ಬಾಟಲಿ ಯಾವುದಾದ್ರೂ?"

"ಎಲ್ಲಾ ಅವಳೇ ತೊಳೆದಿಟ್ಟು ಹೋಗಿದ್ದಾಳೆ. ಒಂದು ಒಂಟೆ ಹತ್ರ ಇದೆ, ಅರ್ಧ ಆಗಿದೆ."

"ತೆರೆದ ಬಾಟಲಿ ಗಾಳಿಯಿಂದ ತಾನೇ ನೀರು ಕುಡಿದಿರುತ್ತೆ. ಅದರಲ್ಲಿ ನೀರಿದ್ರೂ ಏನೂ ಹೇಳಿದ ಹಾಗಾಗಲ್ಲ." ಅವರು ಅವಳ ಕಡೆ ಬಾಗಿದರು. "ಅಕ್ಕ, ಆ ಹುಡುಗಿ ಮೇಲೆ ನಿಮಗೆಷ್ಟು ಮಮತೆ ಅಂತ ನಂಗೊತ್ತು. ಅವಳಿಗೋಸ್ಕರ ನಿಮ್ಮ ತಲೆ ಮೇಲೆ ಹಾಕ್ಕೋಬೇಡಿ."

"ಮಮತೆಯಿಂದ ಹೇಳ್ತಿಲ್ಲ ಮೇಷ್ಟ್ರೇ, ನಿಜ ಹೇಳ್ತಿದ್ದೀನಿ!"

"ಇರಬಹುದು. ಸಮಿತಿ ಕೇಳೋದು ಸಾಕ್ಷಿ."

"ಈಗ ನೀಲಿಯಾಗಿರೋ ದ್ರಾವಕ ಕೊಡ್ತೀನಿ, ಅವಳನ್ನ ಕರೆಸಿ. ಒಂದೇ ಸಲ ಮಾಡ್ಲಿ."

"ಲಿಗ್ಯಾಂಡ್ ಎಲ್ಲಾ ಆ ಮೂರು ಸಲಕ್ಕೆ ಮುಗೀತು. ಹೊಸದು ಮಾಡೋಕೆ ಮೂರು ತಿಂಗಳು ಬೇಕು. ಅವಳ ಹೆಸರು ಪಟ್ಟಿಯಿಂದ ಹೋಗಿದೆ, ಪ್ರಯೋಗಾಲಯದ ಒಳಗೆ ಬಿಡೋ ಹಾಗಿಲ್ಲ. ಬೇರೆ ಯಾರನ್ನ ಕೇಳಿದ್ರೂ, ಕೆಟ್ಟ ಹೆಸರು ಬಂದ ಕೆಲಸ ಕೈಗೆ ತಗೊಳ್ಳಲ್ಲ." ಮೇಷ್ಟ್ರು ಕಿಟಕಿಯ ಕಡೆ ನೋಡಿದರು. "ಸಮಿತಿಯ ತೀರ್ಮಾನಕ್ಕೆ ನಾನೂ ಸಹಿ ಹಾಕಿದ್ದೀನಿ ಅಕ್ಕ."

ಅವಳು ಬರೆದುಕೊಟ್ಟಳು. ತನ್ನ ಕೈಯಾರೆ ಎರಡು ಪುಟ. ಸಮಿತಿಯಿಂದ ಒಂದು ಸಾಲಿನ ಉತ್ತರ ಬಂತು: ಪರಿಶೀಲಿಸಲಾಗಿದೆ, ಆಧಾರ ಸಾಲದು. ಸುದ್ದಿಯೂ ತಿರುವುಮುರುವಾಗಿ ಹಬ್ಬಿತು. ಅಕ್ಕ ಎಂಥ ದೊಡ್ಡ ಮನಸ್ಸಿನವಳು ನೋಡಿ, ಆ ಹುಡುಗಿಯನ್ನು ಉಳಿಸಲು ತನ್ನ ಕಣ್ಣನ್ನೇ ಕುರುಡು ಅಂದಳು ಎಂದು ಎಲ್ಲರೂ ಹೊಗಳಿದರು. ಒಂಟೆಯಂತೂ ಎದ್ದು ನಿಂತು ಕೈ ಮುಗಿದ. ಬೈದಿದ್ದರೆ ಅಕ್ಕ ತಡೆದುಕೊಳ್ಳುತ್ತಿದ್ದಳು.

ಗುಬ್ಬಿ ಈಗ ಸೈಕಲ್ ರಿಪೇರಿ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿದ್ದಳು. ಔಷಧಿ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ನೋಡುವ ಕೆಲಸ. ಅಕ್ಕ ಒಂದು ಭಾನುವಾರ ಹುಡುಕಿಕೊಂಡು ಹೋದಳು. ಕೆಳಗೆ ಯಾರೋ ಚಕ್ರದ ಕಡ್ಡಿ ಬಡಿಯುತ್ತಿದ್ದರು. ಆ ಟಣ್ ಟಣ್ ನಡುವೆಯೇ ಅಕ್ಕ ಎಲ್ಲವನ್ನೂ ಹೇಳಿದಳು, ಒಂದನ್ನೂ ಬಿಡದೆ.

ಗುಬ್ಬಿ ಗೋಡೆಗೆ ಒರಗಿ ಕೇಳಿದಳು. ಕೊನೆಗೆ ಅಂದಳು, "ಹಾಗಾದ್ರೆ ಹರಳು ನಿಜವಾಗ್ಲೂ ಬಂದಿತ್ತು."

"ಬಂದಿತ್ತು ಕಣೇ. ನಾನೇ ನೋಡಿಲ್ವಾ?"

"ನೀವು ನೋಡಿದ್ರಿ. ನಂಗೇ ಅನುಮಾನ ಬಂದುಬಿಟ್ಟಿತ್ತು ಅಕ್ಕಾ. ಎಲ್ಲರೂ ಹೇಳೀ ಹೇಳೀ, ನಾನೇ ಏನಾದ್ರೂ ಕಲ್ಪಿಸಿಕೊಂಡ್ನಾ ಅಂತ." ಆಮೇಲೆ ಕೇಳಿದಳು, ಸಿಟ್ಟಿಲ್ಲದೆ, ಲೆಕ್ಕದ ಒಂದು ಹೆಜ್ಜೆ ತಿಳಿಯದವಳು ಕೇಳುವ ಹಾಗೆ: "ಅವತ್ತು ಒಳಗೆ ಬಂದು ನೋಡ್ಲಾ ಅಂದೆನಲ್ಲ. ಬಾಗಿಲು ಯಾಕೆ ತೆಗೀಲಿಲ್ಲ ಅಕ್ಕಾ?"

ಅಕ್ಕ ಕೊರಳ ದಾರವನ್ನು ಬೆರಳಿಗೆ ಸುತ್ತುತ್ತ ಕೂತಳು. ಕೆಳಗೆ ಬಡಿತ ನಿಂತು, ಚಕ್ರ ತಿರುಗುವ ಸದ್ದು ಕೇಳಿಸಿತು. ಗುಬ್ಬಿ ಎದ್ದು ಚಹಾಕ್ಕಿಟ್ಟಳು. ಇಬ್ಬರೂ ಕುಡಿದರು. ಹೊರಡುವಾಗ ಮೆಟ್ಟಿಲಲ್ಲಿ ಕತ್ತಲೆಂದು ಗುಬ್ಬಿ ಅಕ್ಕನ ಕೈ ಹಿಡಿದು ಇಳಿಸಿದಳು. ಬೀದಿಗೆ ಬಂದೊಡನೆ ಬಿಟ್ಟಳು.

ಆರು ವಾರವಾಯಿತು. ಡಾಕ್ಟರು ಎಡಗಣ್ಣಿಗೆ ದೀಪ ಹಿಡಿದು ನೋಡಿ, "ಚೆನ್ನಾಗಿ ಬಲಿತಿದೆ. ಮುಂದಿನ ವಾರ ತೆಗೆದುಬಿಡೋಣ" ಎಂದರು.

"ಬೇಡ ಡಾಕ್ಟ್ರೇ. ಅದಿರಲಿ. ಹೋದ ವರ್ಷ ಈ ಕಣ್ಣಿಗೆ ನೀಲಿ ಕಾಣ್ತಿರಲಿಲ್ಲ ಅಂತ ನೀವೊಂದು ಬರೆದುಕೊಡಿ."

"ಇವತ್ತಿನದು ಬರೀಬಹುದು. ಹೋದ ವರ್ಷ ಏನು ಕಾಣ್ತಿತ್ತು ಅಂತ ಇವತ್ತು ಹೇಗಮ್ಮ ಹೇಳಲಿ?"

"ಹಾಗಾದ್ರೆ ಹೇಳೋರು ಸಿಗೋವರೆಗೆ ಇದಿರಲಿ. ಇದನ್ನೂ ತೆಗೆದುಬಿಟ್ರೆ, ಆ ಹುಡುಗಿ ಪರ ಹೇಳೋಕೆ ಏನೂ ಉಳಿಯಲ್ಲ."

ಮಗಳು ಅತ್ತಳು, ಅಳಿಯ ಬುದ್ಧಿ ಹೇಳಿದ, ಬಲಿತಷ್ಟೂ ತೆಗೆಯುವುದು ಕಷ್ಟವೆಂದು ಡಾಕ್ಟರು ಎಚ್ಚರಿಸಿದರು. ಅಕ್ಕ ಜಗ್ಗಲಿಲ್ಲ. ತಿಂಗಳಿಗೊಮ್ಮೆ ಸಮಿತಿಯ ಕಚೇರಿಯ ಬೆಂಚಿನ ಮೇಲೆ ಹೋಗಿ ಕೂರುತ್ತಾಳೆ. ಕಚೇರಿಯವರು ಗೌರವದಿಂದಲೇ ಕೂರಿಸುತ್ತಾರೆ, ಗೌರವದಿಂದಲೇ ಕಳಿಸುತ್ತಾರೆ.

ಬುದ್ಧಿ ಹೇಳದೇ ಉಳಿದವನು ಟೈಲರ್ ಗಂಡ ಒಬ್ಬನೇ. ದಿನಾ ಬೆಳಗ್ಗೆ ಅಂಗಡಿ ತೆರೆಯುವ ಮುಂಚೆ ಎರಡು ನೂಲಿನ ಉಂಡೆ ಹಿಡಿದು ಅವಳ ಮುಂದೆ ನಿಲ್ಲುತ್ತಾನೆ. ಅವಳು ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಳ್ಳುತ್ತಾಳೆ.

"ಯಾವುದೇ ನೀಲಿ?"

"ಎರಡೂ ಒಂದೇ ರೀ."

"ಸರಿ. ಸಾಕ್ಷಿ ಇನ್ನೂ ಇದೆ ಹಾಗಾದ್ರೆ" ಎಂದು ಅವನು ಉಂಡೆಗಳನ್ನು ಡಬ್ಬಿಗೆ ಹಾಕಿ, ಮೆಷಿನ್ನಿನ ಮುಂದೆ ಕೂರುತ್ತಾನೆ.